ಅರ್ಧಕ್ಕೆ ನಿಂತ ಅಕೌಸ್ಟಿಕ್ ಗಿಟಾರ್: ವಾದ್ಯ ಕಟ್ಟುವ ಲೂಥಿಯರ್ ಕೈಗೆ ಕೊಡುವ ಮೊದಲು ಏನೇನು ನೋಡಬೇಕು?

ಆರುತಂತಿ

ನನ್ನ ಬಳಿ ಇರುವುದು ಡ್ರೆಡ್‌ನಾಟ್ ಗಾತ್ರದ, ಅಂದರೆ ದೊಡ್ಡ ಮೈಯ, ಕೈಕೆಲಸದ ಗಿಟಾರ್. ಬಾಕ್ಸ್ ಮುಚ್ಚಿ ಬೈಂಡಿಂಗ್ (ಅಂಚಿನ ಪಟ್ಟಿ) ಕೂರಿಸಿ ಆಗಿದೆ. ಟಾಪ್ (ಮುಂಬದಿಯ ಹಲಗೆ) ಸಿಟ್ಕಾ ಸ್ಪ್ರೂಸ್ ಮರ, ಹಿಂಬದಿ ಮತ್ತು ಪಕ್ಕದ ಹಲಗೆ ಬೀಟೆ. ಮಹಾಗನಿ ನೆಕ್ ಒರಟಾಗಿ ಕೆತ್ತಿದೆ, ಬಾಡಿಗೆ ಸಿಕ್ಕಿಸುವ ಡವ್‌ಟೇಲ್ ಕೊರೆದಿದೆ, ಬಾಡಿಗೆ ಕೂಡಿಸಿಲ್ಲ. ಎಬೊನಿ ಫಿಂಗರ್‌ಬೋರ್ಡಿನಲ್ಲಿ ಫ್ರೆಟ್ (ಲೋಹದ ಅಡ್ಡಪಟ್ಟಿ) ಕೂರುವ ಸೀಳುಗಳಿವೆ, ಫ್ರೆಟ್ ಹೊಡೆದಿಲ್ಲ. ಬೋರ್ಡನ್ನು ನೆಕ್ಕಿಗೆ ಅಂಟಿಸಿಯೂ ಇಲ್ಲ. ಟಾಪ್ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಇನ್ನೂ ಬರಿಯ ಮರದ ತುಂಡು. ಬೋರ್ಡಿನ ಬೆನ್ನಿಗೆ ಪೆನ್ಸಿಲಿನಲ್ಲಿ 25.4 ಇಂಚು ಎಂದು ತಂತಿಯ ನುಡಿಯುವ ಉದ್ದ ಬರೆದಿದೆ. ವಾದ್ಯ ಇರುವುದು ಬೆಂಗಳೂರಿನಲ್ಲಿ.

ಮೊದಲೇ ಉಜ್ಜಿ ನಯ ಮಾಡಿ ಕೊಟ್ಟರೆ ಖರ್ಚು ಇಳಿಯುತ್ತದೆಯೆ? ಪಾಲಿಶ್ ಮೊದಲೋ, ನೆಕ್ ಮೊದಲೋ? ಅಮೆರಿಕದ ಲೂಥಿಯರ್ ಒಬ್ಬರಿಗೆ ಕಳಿಸುವ ಆಲೋಚನೆಯೂ ಇದೆ, ಸರಿಯೆ?

ಉಳಿಬಾಚಿ

ಉಜ್ಜಬೇಡಿ. ಟಾಪ್ ಈಗಲೇ 2.6ರಿಂದ 3 ಮಿ.ಮೀ. ಇರುತ್ತದೆ. 80 ನಂಬರ್ ಸ್ಯಾಂಡ್‌ಪೇಪರ್ ಹಿಡಿದು ಅಂಚಿನ ಕಡೆ ನಾಲ್ಕು ಸಲ ಎಳೆದರೆ ಎಷ್ಟು ಹೋಯಿತು ಎಂದು ಗೊತ್ತೇ ಆಗುವುದಿಲ್ಲ. ತೆಳುವಾದ ಬೈಂಡಿಂಗ್ ಮತ್ತೆ ದಪ್ಪವಾಗದು. ಹೋದ ಮರವನ್ನು ಯಾವ ಲೂಥಿಯರ್ ಕೂಡ ವಾಪಸ್ ತರಲಾರರು.

ಅದರ ಬದಲು ಒಂದು ಚಿಕ್ಕ ಎಲ್‌ಇಡಿ ಮತ್ತು ದಂತವೈದ್ಯರ ಕನ್ನಡಿ ತಗೊಂಡು ಸೌಂಡ್‌ಹೋಲಿನಿಂದ ಒಳಗೆ ನೋಡಿ. ಹಲಗೆಗೆ ಒಳಗಿನಿಂದ ಆಸರೆ ಕೊಡುವ ಬ್ರೇಸುಗಳ ತುದಿ ಎಲ್ಲಾದರೂ ಎದ್ದಿದೆಯೆ? ತೆಳ್ಳನೆಯ ಕಾಗದ ತೂರಿದರೆ ಅಲ್ಲಿ ಅಂಟು ಬಿಟ್ಟಿದೆ ಎಂದೇ ಅರ್ಥ. ಬ್ರಿಡ್ಜ್ ಕೂರುವ ಜಾಗದ ಕೆಳಗೆ ಗಟ್ಟಿಮರದ ಪಟ್ಟಿ, ಅಂದರೆ ಬ್ರಿಡ್ಜ್ ಪ್ಲೇಟ್ ಇರಲೇಬೇಕು. 12-53 ದಪ್ಪದ ತಂತಿಗಳ ಸೆಟ್ ಏರಿಸಿದಾಗ ಆರೂ ತಂತಿ ಸೇರಿ ಸುಮಾರು 73 ಕೆ.ಜಿ. ಎಳೆಯುತ್ತವೆ. ಪ್ಲೇಟ್ ಇಲ್ಲದಿದ್ದರೆ ತಂತಿಯ ಗುಂಡುತುದಿ ಮೆತ್ತನೆಯ ಸ್ಪ್ರೂಸನ್ನು ಕೊರೆದುಬಿಡುತ್ತದೆ. ಇದು ಈಗಲೇ ಗೊತ್ತಾದರೆ ಸೌಂಡ್‌ಹೋಲಿನಿಂದ ಕೈ ಹಾಕಿ ಕೂರಿಸಬಹುದು.

ಟಾಪ್ ಮೇಲೆ ಅಡ್ಡಲಾಗಿ ಒಂದು ನೇರ ಸ್ಕೇಲ್ ಇಡಿ. ನಡುವೆ ತುಸು ಉಬ್ಬಿದ್ದರೆ ಒಳ್ಳೆಯದು. ತಗ್ಗಾಗಿದ್ದರೆ ಮರ ಒಣಗಿದೆ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಇದು ಸಾಮಾನ್ಯ. 45ರಿಂದ 50 ಶೇಕಡಾ ತೇವದಲ್ಲಿ ಎರಡು ವಾರ ಇಟ್ಟು ಆಮೇಲೆ ಇನ್ನೊಮ್ಮೆ ನೋಡಿ. ಅದಕ್ಕೂ ಮೊದಲು ನೆಕ್ ಕೂಡಿಸಲು ಬಿಡಬೇಡಿ. ಟಾಪಿನ ಉಬ್ಬು ಬದಲಾದರೆ ನೆಕ್ಕಿನ ಕೋನದ ಲೆಕ್ಕವೇ ತಪ್ಪುತ್ತದೆ.

ಬೀಟೆಹಲಗೆ

ಮೇಲಿನದಕ್ಕೆ ಸೇರಿಸುತ್ತೇನೆ: ಪೆನ್ಸಿಲ್ ಬರಹವನ್ನು ನಂಬದೆ ಬೋರ್ಡನ್ನು ಅಳೆಯಿರಿ. 25.4 ಇಂಚು ಎಂದರೆ 645.2 ಮಿ.ಮೀ. ನಟ್ (ನೆಕ್ಕಿನ ತಲೆಯ ಕಡೆ ತಂತಿ ಕೂರುವ ಪಟ್ಟಿ) ಅಂಚಿನಿಂದ 1ನೇ ಸೀಳು 36.2ಕ್ಕೆ, 12ನೆಯದು 322.6ಕ್ಕೆ ಬರಬೇಕು. 12ನೆಯದು 316.2ಕ್ಕೆ ಬಂದರೆ ಅದು 24.9 ಇಂಚಿನ ಬೋರ್ಡ್. ಎಲ್ಲ ಸೀಳೂ ಒಂದೇ ಅಳತೆಯಷ್ಟು ನಟ್ ಅಂಚಿಗೆ ಹತ್ತಿರ ಬಂದಿದ್ದರೆ ನಟ್ ಕಡೆಯ ತುದಿಯನ್ನು ಜಾಸ್ತಿ ಕತ್ತರಿಸಿದ್ದಾರೆ. ಆಗ ನಟ್ಟನ್ನೇ ಅಷ್ಟು ಹಿಂದಕ್ಕೆ ಕೂರಿಸಬೇಕಾಗುತ್ತದೆ. ಬ್ರಿಡ್ಜ್ ಜಾಗವನ್ನು ನಕ್ಷೆ ನೋಡಿ ಗುರುತಿಸದೆ ನಿಜವಾದ ನಟ್‌ನಿಂದ 12ನೇ ಫ್ರೆಟ್ಟಿಗಿರುವ ದೂರವನ್ನು ಎರಡು ಪಟ್ಟು ಮಾಡಿ ಗುರುತಿಸಬೇಕು. ಆ ಗುರುತಿಗಿಂತ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ತೆಳ್ಳನೆಯ ಒಂದನೇ ತಂತಿಯ ಕಡೆ ಸುಮಾರು 2 ಮಿ.ಮೀ., ದಪ್ಪನೆಯ ಆರನೆಯ ಕಡೆ 4.5ರಿಂದ 5 ಮಿ.ಮೀ. ಹಿಂದೆ ಸರಿಯಬೇಕು. ಇದು ತಪ್ಪಿದರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಯಾವತ್ತೂ ಕೂಡುವುದಿಲ್ಲ.

ಇಡೀ ವಾದ್ಯದ ಹಣೆಬರಹ ನೆಕ್ ಕೂಡಿಸುವ ಹಂತದಲ್ಲಿದೆ. ಅಂಟಿಲ್ಲದೆ ಕೂರಿಸಿ ಎರಡು ಸಂಗತಿ ನೋಡಲು ಹೇಳಿ. ಒಂದು, ನಟ್‌ನ ಎರಡೂ ಬದಿಯಿಂದ ಬ್ರಿಡ್ಜ್ ತನಕ ದಾರ ಎಳೆದರೆ ಟಾಪಿನ ನಡುಜೋಡಣೆಯಿಂದ ಎರಡಕ್ಕೂ ಸಮ ದೂರ ಬರಬೇಕು. ಇನ್ನೊಂದು, ಫ್ರೆಟ್‌ಗಳ ಮೇಲೆ ಇಟ್ಟ ಉದ್ದನೆಯ ಸ್ಟ್ರೈಟ್‌ಎಡ್ಜ್ ಬ್ರಿಡ್ಜಿನ ನೆತ್ತಿಗೆ ಸರಿಯಾಗಿ ತಾಕಬೇಕು, ಅಂದರೆ ಟಾಪಿನಿಂದ 9-10 ಮಿ.ಮೀ. ಎತ್ತರಕ್ಕೆ. ಕೆಳಗೆ ಬಿದ್ದರೆ ಹೀಲಿನ (ಬಾಡಿಗೆ ಕೂಡುವ ನೆಕ್ಕಿನ ದಪ್ಪ ಬುಡ) ತುದಿಯನ್ನು ಕೆತ್ತಬೇಕು. ಬ್ರಿಡ್ಜ್ ಬಳಿ 3 ಮಿ.ಮೀ. ಏರಲು ಹೀಲಿನ ತುದಿಯಲ್ಲಿ ಸುಮಾರು 1 ಮಿ.ಮೀ. ತೆಗೆದರೆ ಸಾಕು, ಮೇಲೆ 14ನೇ ಫ್ರೆಟ್ ಹತ್ತಿರ ಬರುವಷ್ಟರಲ್ಲಿ ಅದು ಸೊನ್ನೆ ಆಗಬೇಕು. ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ದುಡ್ಡೂ ಹೆಚ್ಚು ಹೋಗುವುದು ಇಲ್ಲೇ, ಹೋಗಲಿ.

ನೆಕ್ಕಿನ ಬಾಗು ಸರಿಪಡಿಸುವ ಟ್ರಸ್ ರಾಡ್ (ಒಳಗಿನ ಲೋಹದ ಸರಳು) ಇದ್ದರೆ ಬೋರ್ಡ್ ಅಂಟಿಸುವ ಮೊದಲೇ ತಿರುಗಿಸಿ ನೋಡಬೇಕು. ನೆಕ್ ಜೋಡಣೆಗೆ ಮರಗೆಲಸದ ಮಾಮೂಲಿ ಬಿಳಿ ಪಿವಿಎ ಅಂಟು ಬೇಡ. ಸತತ ಎಳೆತಕ್ಕೆ ಅದು ನಿಧಾನವಾಗಿ ಜಾರುತ್ತದೆ. ಬಿಸಿ ಮಾಡಿ ಹಚ್ಚುವ ಚರ್ಮದ ಅಂಟು ಉತ್ತಮ, ಮುಂದೊಂದು ದಿನ ಆವಿ ಕೊಟ್ಟು ಬಿಡಿಸಲೂ ಬರುತ್ತದೆ.

ಅಮೆರಿಕಕ್ಕೆ ಕಳಿಸುವುದು ಬೇಡ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿರುವುದು ಪೂರ್ತಿಯಾದ ವಾದ್ಯಗಳಿಗೆ. ಅರೆಬರೆ ಕಟ್ಟಿದ್ದನ್ನು ಅದೇ ಧೈರ್ಯದಲ್ಲಿ ಕಳಿಸಿದರೆ ಕಸ್ಟಮ್ಸಿನಲ್ಲಿ ಸಿಕ್ಕಿಬೀಳಬಹುದು.

ಆರುತಂತಿ

ಅಳೆದೆ. 36.2 ಮತ್ತು 322.6 ಸರಿಯಾಗಿ ಬಂತು. ಬ್ರಿಡ್ಜ್ ಪ್ಲೇಟ್ ಇದೆ. ಇನ್ನು ಪಾಲಿಶ್: ಸಿಂಪಡಿಸುವ ನೈಟ್ರೋ ಲ್ಯಾಕರೋ, ಬಟ್ಟೆಯಿಂದ ಅರಗು ಉಜ್ಜುವ ಫ್ರೆಂಚ್ ಪಾಲಿಶೋ?

ಅರಗುಪಾಲಿಶ್

ಯಾವುದೇ ಆದರೂ ನೆಕ್ಕಿನ ಕೋನ ಕೂಡಿದ ಮೇಲೆ. ಬ್ರಿಡ್ಜ್ ಅಂಟಿಸುವುದು ಪಾಲಿಶ್ ಆದ ನಂತರ. ಅದರ ಅಡಿಯ ಪಾಲಿಶನ್ನು ಪೂರ್ತಿ ಕೆರೆದು ಬರಿಯ ಮರ ಕಾಣಿಸಬೇಕು, ಇಲ್ಲವಾದರೆ ಬ್ರಿಡ್ಜ್ ಒಂದು ಬೇಸಿಗೆಯಲ್ಲಿ ಕಿತ್ತು ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಾಡಿಸುವುದಾದರೆ ನೈಟ್ರೋ ಬೇಡ. ಗಾಳಿಯ ತೇವ ಹೆಚ್ಚಿದ್ದಾಗ ಹೊಡೆದರೆ ಪದರದಲ್ಲಿ ನೀರಾವಿ ಸಿಕ್ಕಿಕೊಂಡು ಬಿಳಿ ಮಂಜಿನಂತೆ ಮಬ್ಬಾಗುತ್ತದೆ. ಜತೆಗೆ ಕೊನೆಯ ಕೋಟ್ ಆದ ಮೇಲೆ ಬಫ್ ಮಾಡಲು 3-4 ವಾರ ಕಾಯಬೇಕು. ನನ್ನ ಮತ ಅರಗಿನ ಫ್ರೆಂಚ್ ಪಾಲಿಶಿಗೆ: 500 ಮಿ.ಲೀ. ಸ್ಪಿರಿಟ್ಟಿಗೆ 120 ಗ್ರಾಂ ಮೇಣ ತೆಗೆದ ಅರಗಿನ ಚಕ್ಕೆ. ಪದರ ತೆಳ್ಳಗಿರುತ್ತದೆ, ಟಾಪ್ ಬಿಡಿಯಾಗಿ ನುಡಿಯುತ್ತದೆ, ಗೀರು ಬಿದ್ದರೆ ಅಲ್ಲಿಗಷ್ಟೇ ತಿದ್ದಬಹುದು. ಬೆವರಿಗೆ ಮಾತ್ರ ಸೋಲುತ್ತದೆ, ಅದಕ್ಕೇ ನೆಕ್ಕಿನ ಹಿಂಬದಿಗೆ ಎಣ್ಣೆ ಪಾಲಿಶ್ ಮಾಡಿಸಿ. ಬೀಟೆಯ ರಂಧ್ರ ಮೊದಲು ತುಂಬಿಸಬೇಕು, ಆದರೆ ಬಣ್ಣದ ಫಿಲ್ಲರ್ ಸ್ಪ್ರೂಸಿಗೆ ತಗುಲಿದರೆ ಕಲೆ ಹೋಗದು. ಟಾಪಿಗೆ ಮುಂಚೆಯೇ ಎರಡು ಕೈ ಅರಗು ಹಚ್ಚಿಕೊಳ್ಳಲಿ.

ತಂತಿ ಏರಿಸಿದ ದಿನವೇ ಲೆಕ್ಕ ಚುಕ್ತಾ ಮಾಡಬೇಡಿ. ಎರಡು ವಾರ ಪೂರ್ಣ ಶ್ರುತಿಯಲ್ಲಿಟ್ಟು, ನೆಕ್ ತನ್ನ ಜಾಗಕ್ಕೆ ಬಂದ ಮೇಲೆ ಕೊನೆಯ ಸೆಟಪ್ (ತಂತಿ ಮತ್ತು ನೆಕ್ಕಿನ ಹೊಂದಾಣಿಕೆ) ಎಂದು ಮೊದಲೇ ಮಾತಾಡಿಕೊಳ್ಳಿ. ಆಗ ನೆಕ್ಕಿನ ಬಾಗು 0.15-0.25 ಮಿ.ಮೀ., 12ನೇ ಫ್ರೆಟ್ ಮೇಲೆ ಆರನೇ ತಂತಿ 2.4, ಒಂದನೆಯದು 1.8 ಮಿ.ಮೀ. ಎತ್ತರ ಇರಲಿ.