ಒಂದೇ ಗಡ್ಡೆಗೆ ಎರಡು ಸ್ಟೇಜ್ ಹೇಗೆ? ಒಬ್ರು 2ಬಿ ಅಂದ್ರು, ಇನ್ನೊಬ್ರು 1ಬಿ ಅಂತ ಬರೆದಿದ್ದಾರೆ

ಪ್ರಶ್ನೆ:
ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವಾರ ಆಯ್ತು. ರಿಪೋರ್ಟಲ್ಲಿ ಗಡ್ಡೆ 3.2 ಸೆಂ.ಮೀ., ಕಂಕುಳಿಂದ ತೆಗೆದ 14 ಲಿಂಫ್ ನೋಡಲ್ಲಿ (ದುಗ್ಧ ಗ್ರಂಥಿ) 2ರಲ್ಲಿ ಕ್ಯಾನ್ಸರ್, ಗ್ರೇಡ್ 2, ಇಆರ್ ಪಿಆರ್ ಪಾಸಿಟಿವ್, ಹರ್2 ನೆಗೆಟಿವ್, ಕೊನೇಲಿ ಪಿಟಿ2 ಪಿಎನ್1 ಅಂತಿದೆ, ಎಮ್ ಅನ್ನೋದೇ ಇಲ್ಲ. ಸರ್ಜನ್ 2ಬಿ ಅಂದಿದ್ರು, ಈಗ ಆಂಕಾಲಜಿ ಡಾಕ್ಟರ್ ಫೈಲಲ್ಲಿ 1ಬಿ ಅಂತ ಬರೆದಿದ್ದಾರೆ. ಯಾರದ್ದು ಸರಿ? ಸ್ಟೇಜ್ ಕಮ್ಮಿ ಆಯ್ತಲ್ಲ ಇನ್ಯಾಕೆ ಟ್ರೀಟ್ಮೆಂಟು ಅಂತ ಅಮ್ಮ ಬೇರೆ ಶುರು ಮಾಡಿದಾರೆ, ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ.

ಉತ್ತರ 1:
ಇಬ್ರೂ ಹೇಳಿದ್ದು ಸರಿ, ಗಾಬರಿ ಆಗ್ಬೇಡಿ. ನಾನು ಪೆಥಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ದಿನಾ ಇದೇ ರಿಪೋರ್ಟ್‌ಗಳು. ಟಿ ಅಂದ್ರೆ ಗಡ್ಡೆ ಸೈಜು, 2 ಸೆಂ.ಮೀ. ತನಕ ಟಿ1, ಅದು ದಾಟಿ 5ರ ತನಕ ಟಿ2, 5ಕ್ಕಿಂತ ದೊಡ್ಡದಾದ್ರೆ ಟಿ3, ಸೈಜು ಎಷ್ಟೇ ಇರ್ಲಿ ಚರ್ಮಕ್ಕೋ ಎದೆಗೋಡೆಗೋ ಹಬ್ಬಿದ್ರೆ ಟಿ4. ಎನ್ ಅಂದ್ರೆ ಕ್ಯಾನ್ಸರ್ ಸಿಕ್ಕ ಲಿಂಫ್ ನೋಡುಗಳು, ಕಂಕುಳಲ್ಲಿ 1ರಿಂದ 3ಕ್ಕೆ ಎನ್1, 4ರಿಂದ 9ಕ್ಕೆ ಎನ್2, 10 ಅಥವಾ ಜಾಸ್ತಿ ಇದ್ರೆ ಎನ್3. ಮುಂದಿರೋ ಪಿ ಅಂದ್ರೆ ಆಪರೇಷನ್ ಆದ್ಮೇಲೆ ಮೈಕ್ರೋಸ್ಕೋಪಲ್ಲಿ ನೋಡಿ ಹೇಳಿದ್ದು ಅಂತ. ಎಮ್ ಅಂದ್ರೆ ಮೂಳೆ, ಲಿವರ್, ಶ್ವಾಸಕೋಶ, ಮೆದುಳು ಹೀಗೆ ದೂರಕ್ಕೆ ಹೋಗಿದ್ಯಾ ಅನ್ನೋದು, ಅದನ್ನ ಕತ್ತರಿಸಿ ತೆಗೆದ ಗಡ್ಡೆ ನೋಡಿ ನಾವು ಹೇಳೋಕಾಗಲ್ಲ, ಅದಕ್ಕೇ ನಿಮ್ಮ ರಿಪೋರ್ಟಲ್ಲಿ ಇಲ್ಲ. ಪರೀಕ್ಷೆ ಮಾಡಿ, ಬೇಕಿದ್ರೆ ಸ್ಕ್ಯಾನ್ ನೋಡಿ ಡಾಕ್ಟರೇ ಹಾಕ್ತಾರೆ.

ಟಿ2 ಎನ್1 ಎಮ್0 (ದೂರಕ್ಕೆ ಹೋಗಿಲ್ಲ ಅಂತ) ಕೂಡಿಸಿದ್ರೆ ಹಳೇ ಲೆಕ್ಕದಲ್ಲಿ 2ಬಿ. ಆದ್ರೆ 2018ರಿಂದ ಎಜೆಸಿಸಿ (ಸ್ಟೇಜ್ ನಿಯಮ ಮಾಡೋ ಅಮೆರಿಕದ ಕ್ಯಾನ್ಸರ್ ಸಮಿತಿ) 8ನೇ ಆವೃತ್ತಿ ಬಂದಿದೆ, ಅದರಲ್ಲಿ ಗ್ರೇಡ್, ಇಆರ್, ಪಿಆರ್ (ಕ್ಯಾನ್ಸರ್ ಕಣದಲ್ಲಿರೋ ಹಾರ್ಮೋನ್ ರಿಸೆಪ್ಟರ್‌ಗಳು), ಹರ್2 (ಕಣ ಬೆಳೆಯೋಕೆ ಕುಮ್ಮಕ್ಕು ಕೊಡೋ ಪ್ರೋಟೀನ್) ಇವನ್ನೂ ಸೇರಿಸಿ ಇನ್ನೊಂದು ಸ್ಟೇಜ್ ಕೊಡ್ತಾರೆ, ಪ್ರೋಗ್ನಾಸ್ಟಿಕ್ ಸ್ಟೇಜ್ ಅಂತಾರೆ. ನಿಮ್ಮಮ್ಮನ ವಿವರಕ್ಕೆ ಅಲ್ಲಿ 1ಬಿ ಬರುತ್ತೆ. ಟ್ರಿಪಲ್ ನೆಗೆಟಿವ್, ಅಂದ್ರೆ ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಆಗಿದ್ರೆ ಇದೇ ಲೆಕ್ಕದಲ್ಲಿ ಸ್ಟೇಜ್ ಹೀಗೆ ಇಳೀತಿರ್ಲಿಲ್ಲ.

ಉತ್ತರ 2:
ಮೇಲಿನವರು ಚೆನ್ನಾಗಿ ಹೇಳಿದಾರೆ, ಅಮ್ಮನ ಮಾತಿಗೆ ಮಾತ್ರ ನಾನು ಹೇಳ್ತೀನಿ, ಯಾಕಂದ್ರೆ ನನಗೂ ಹೀಗೇ ಆಗಿತ್ತು, ನಂಬರ್ ಇಳೀತು ಅಂತ ನಾನೂ ಮಾತ್ರೆ ಬಿಡೋಕೆ ಹೊರಟಿದ್ದೆ. ಆ 1ಬಿ ಇಳಿದಿರೋದೇ ಸರಿಯಾದ ಟ್ರೀಟ್ಮೆಂಟ್ ತಗೋತಾರೆ ಅಂತ ಇಟ್ಕೊಂಡು. ಇಆರ್ ಪಾಸಿಟಿವ್ ಆದವರಿಗೆ ಹಾರ್ಮೋನ್ ತಡೆಯೋ ಮಾತ್ರೆ ಕೆಲಸ ಮಾಡುತ್ತೆ, ಅದಕ್ಕೇ ಕಮ್ಮಿ ಸ್ಟೇಜು, ಕಮ್ಮಿ ಅಂದ್ರೂ 5 ವರ್ಷ ನುಂಗ್ಬೇಕು. ಮಾತ್ರೆ ಬಿಟ್ರೆ ಆ 1ಬಿಗೆ ಅರ್ಥಾನೇ ಇಲ್ಲ, ದಯವಿಟ್ಟು ಅಮ್ಮಂಗೆ ಹೀಗೇ ಹೇಳಿ. ಕೀಮೋ ಬೇಕಾ ಬೇಡ್ವಾ ಅನ್ನೋದು ಬೇರೆ ಪ್ರಶ್ನೆ, ಸ್ಟೇಜ್ ಒಂದನ್ನೇ ನೋಡಿ ಹೇಳಲ್ಲ, ಮುಟ್ಟು ನಿಂತಿದ್ಯಾ ನೋಡ್ತಾರೆ, ಗಡ್ಡೆಯ ಜೀನ್ ಟೆಸ್ಟ್ ಮಾಡಿಸಬಹುದಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಉತ್ತರ 3:
ಒಂದ್ ಮಾತು, ಗ್ರೇಡ್ 2 ನೋಡಿ ಸ್ಟೇಜ್ 2 ಅಂದ್ಕೋಬೇಡಿ. ಗ್ರೇಡ್ ಅಂದ್ರೆ ಕಣಗಳು ಸಹಜ ಕಣಗಳಿಗಿಂತ ಎಷ್ಟು ಬೇರೆ ಥರ ಕಾಣ್ತವೆ, ಎಷ್ಟು ಬೇಗ ಬೆಳೀತವೆ ಅಂತ, 3ರ ತನಕ ಅಷ್ಟೇ ಇರೋದು. ನಮ್ಮನೇಲಿ ಇದೇ ತಪ್ಪಿಂದ ಎರಡು ದಿನ ಅತ್ತಿದ್ವಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎರಡನೇ ಉತ್ತರ ಅಮ್ಮಂಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ಆ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ ಅಂತ ಕೇಳಿದ್ರು. ನಾಳೆ ಡಾಕ್ಟರ್ ಹತ್ರ ಕೇಳೋ ಪಟ್ಟಿಗೆ ಅದನ್ನೂ ಬರ್ಕೊಂಡೆ.