ಪ್ರಾಕ್ಟಿಕಲ್ ಪಾರ್ಟ್ನರ್ ಜೊತೆ ಜಗಳ ಆಗದ ಹಾಗೆ ಕೆಲಸ ಹಂಚ್ಕೊಳ್ಳೋದು ಹೇಗೆ? (ಹೋಟೆಲ್ ಮ್ಯಾನೇಜ್‌ಮೆಂಟ್)

ಹಸಿಮೆಣಸು:
ಟ್ರೈನಿಂಗ್ ಕಿಚನ್‌ನಲ್ಲಿ ಇಬ್ಬರಿಗೆ ಒಂದು ರೇಂಜ್ (ದೊಡ್ಡ ಒಲೆ), ಒಂದು ಓವನ್. ಹಾಸ್ಟೆಲಲ್ಲಿ ಒಂದೇ ತಟ್ಟೇಲಿ ಉಣ್ಣೋ ಜೋಡಿಗಳೂ ಪ್ರಾಕ್ಟಿಕಲ್ ಮುಗಿಯೋ ಹೊತ್ತಿಗೆ ಮುಖ ತಿರುಗಿಸ್ಕೊಂಡು ಹೋಗ್ತಾರೆ. ಜಗಳ ಹೆಚ್ಚಾಗಿ ಮೂರಕ್ಕೆ: ಯಾರು ಏನು ಮಾಡ್ಬೇಕು, ಚಾಕು ಎರವಲು, ಕೊನೇಲಿ ಪಾತ್ರೆ. ಮುಂದಿನ ವಾರದ ಮೆನು ನಾಲ್ಕು ಪೋರ್ಷನ್: ಕ್ರೀಮ್ ಆಫ್ ಟೊಮ್ಯಾಟೊ, ರೋಸ್ಟ್ ಚಿಕನ್, ಬೆಣ್ಣೇಲಿ ಬಾಡಿಸಿದ ತರಕಾರಿ, ಕ್ಯಾರಮೆಲ್ ಕಸ್ಟರ್ಡ್. ಬೆಳಿಗ್ಗೆ 9ರಿಂದ 12.30. ಹೇಗೆ ಹಂಚಿದ್ರೆ ಸರಿ? ಸೀನಿಯರ್ಸ್ ಹೇಳಿ.

ದಮ್ಮು:
ಈ ಮೆನುವಿನ ಜಗಳ ಓವನ್ ಒಳಗಿದೆ. ಕಸ್ಟರ್ಡ್‌ಗೆ ಬೇಕಾದ್ದು 150–160 ಡಿಗ್ರಿ ಸೆಲ್ಸಿಯಸ್, ಚಿಕನ್‌ಗೆ 200. "ಸೂಪು ಚಿಕನ್ ನಿಂದು, ಕಸ್ಟರ್ಡ್ ತರಕಾರಿ ನಂದು" ಅಂತ ಐಟಂ ಲೆಕ್ಕದಲ್ಲಿ ಹಂಚ್ಕೊಂಡ್ರೆ, ಚಿಕನ್‌ನವರು 9.45ಕ್ಕೆ ಬಂದು ನಾಬ್ ತಿರುಗಿಸಿಬಿಡ್ತಾರೆ. ಕಸ್ಟರ್ಡ್ ಅಚ್ಚು ಕೂರಿಸಿದ ಟ್ರೇಲಿರೋ ನೀರು ಕುದಿಯುತ್ತೆ, ಕಸ್ಟರ್ಡ್ ಅಂಚಲ್ಲಿ ಸ್ಪಂಜಿನ ಹಾಗೆ ತೂತು ಬೀಳುತ್ತೆ, ತಟ್ಟೆಗೆ ಬೋರಲು ಹಾಕಿದ್ರೆ ನೀರು ಬಿಡುತ್ತೆ. ಆಮೇಲೆ ಶೆಫ್ ಕೇಳ್ತಾರೆ, "ಯಾರು ಮಾಡಿದ್ದು?" ಆ ಪ್ರಶ್ನೆಗೆ ಇಬ್ಬರೂ ಒಟ್ಟಿಗೆ ಬಾಯಿ ತೆಗೆದ್ರೆ ಸ್ನೇಹ ಅಲ್ಲಿಗೆ ಮುಗೀತು.

ಐಟಂ ಬಿಡಿ, ಓವನ್ ಗಡಿಯಾರ ಹಿಡ್ಕೊಂಡು ಹಂಚಿ. 9ಕ್ಕೆ ಒಬ್ಬರು ಸ್ಟೋರ್‌ನಿಂದ ಇಂಡೆಂಟ್ (ಪಟ್ಟಿ ಕೊಟ್ಟು ಕೇಳಿದ ಸಾಮಾನು) ತಂದು ತೂಕ ನೋಡ್ಲಿ. ಇನ್ನೊಬ್ಬರು ಓವನ್ 160ಕ್ಕೆ ಇಟ್ಟು 100 ಗ್ರಾಂ ಸಕ್ಕರೆಯ ಕ್ಯಾರಮೆಲ್ ಮಾಡಿ ಅಚ್ಚಿಗೆ ಹಾಕ್ಲಿ. ಕಸ್ಟರ್ಡ್‌ಗೆ ಅರ್ಧ ಲೀಟರ್ ಹಾಲು, 4 ಮೊಟ್ಟೆ, 75 ಗ್ರಾಂ ಸಕ್ಕರೆ. 9.30ಕ್ಕೆ ಓವನ್ ಒಳಗೆ. 10.15ರ ಸುಮಾರಿಗೆ ಮಧ್ಯ ಮಾತ್ರ ತುಳುಕ್ತಾ ಇರುವಾಗ ಹೊರಗೆ, ತಣಿದ ಮೇಲೆ ಫ್ರಿಜ್. ಆಗಲೇ ನಾಬ್ 200ಕ್ಕೆ. 10.30ಕ್ಕೆ 1.2 ಕೆಜಿ ಕೋಳಿ ಒಳಗೆ, 70 ನಿಮಿಷ, ಹೊರಗೆ ತೆಗೆದು 15 ನಿಮಿಷ ಸುಮ್ನೆ ಬಿಡಿ. ಅಷ್ಟರಲ್ಲಿ ಅದೇ ಟ್ರೇಲಿ ಗ್ರೇವಿ.

ಹಸಿ ಕೋಳಿ ಮುಟ್ಟೋದು ಒಬ್ಬರೇ, ಹಸಿ ಮಾಂಸ ಹೆಚ್ಚೋ ಕೆಂಪು ಬೋರ್ಡ್ ಮೇಲೆ. ಸೂಪು, ತರಕಾರಿ ಇನ್ನೊಬ್ಬರ ಹಸಿರು ಬೋರ್ಡ್‌ದು. ನಾಬ್ ಮುಟ್ಟೋ ಮುಂಚೆ ಬಾಯಿಬಿಟ್ಟು ಹೇಳ್ಬೇಕು, ಹೇಳಿದ್ದಕ್ಕೆ ಇನ್ನೊಬ್ಬರು "ಹೂಂ" ಅನ್ಬೇಕು. ಈ ಟೈಮ್ ಪ್ಲಾನ್ ಹಿಂದಿನ ದಿನವೇ ಬರೆದು ರೇಂಜ್ ಪಕ್ಕ ಅಂಟಿಸಿ.

ಈಳಿಗೆಮಣೆ:
ಚಾಕು ಕೊಡಬೇಡಿ. ಪಾಪ ಅನ್ನಿಸಿದ್ರೂ ಕೊಡಬೇಡಿ. ಪೀಲರ್, ಸ್ಪ್ಯಾಚುಲಾ, ಸ್ಟೀಲ್ (ಚಾಕು ಸವರೋ ಉಕ್ಕಿನ ಕೋಲು) ಏನು ಬೇಕಾದ್ರೂ ಕೊಡಿ. 8 ಇಂಚಿನ ಶೆಫ್ ನೈಫ್ ತಗೊಂಡೋಗಿ ಕೋಳಿ ಮೂಳೆ ಮೇಲೆ ಹೊಡೆದ್ರೆ ಅಂಚು ಹಲ್ಲು ಬಿಡುತ್ತೆ. ಸ್ಟೀಲ್ ಮೇಲೆ ಎಷ್ಟು ಸವರಿದ್ರೂ ಅದು ಹೋಗಲ್ಲ. ಸ್ಟೀಲ್ ಇರೋದು ಬಗ್ಗಿದ ಅಂಚು ನೆಟ್ಟಗೆ ಮಾಡೋಕೆ ಅಷ್ಟೆ. 400 ಗ್ರಿಟ್‌ನ ಒರಟು ಮಸೆಗಲ್ಲಿನ ಮೇಲೆ ಉಜ್ಜಿ ಹಲ್ಲು ತೆಗೆದು, ಆಮೇಲೆ ನುಣುಪಾದ 1000ಕ್ಕೆ ಬರ್ಬೇಕು. ಅರ್ಧ ದಿನದ ಕೆಲಸ, ಅದೂ ಚಾಕುವಿನ ಯಜಮಾನರದ್ದೇ.

ಬೇಡ ಅನ್ನೋಕೆ ಸಂಕೋಚ ಆದ್ರೆ ಕಾರಣ ಸಮೇತ ಹೇಳಿ: "ಇದು 15 ಡಿಗ್ರಿ ಕೋನಕ್ಕೆ ಮಸೆದಿರೋದು ಕಣೋ, ಮೂಳೆಗೆ ಆಗಲ್ಲ, ಸ್ಟೋರ್‌ನಿಂದ ಮೂಳೆ ಕಡಿಯೋ ಕ್ಲೀವರ್ ತಗೋ." ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಗುರುತಿಗೆ ಟೇಪ್, ನೈಲ್ ಪಾಲಿಶ್ ಬೇಡ, ತೊಳೆದು ತೊಳೆದು ಕಿತ್ತು ಸಾರಿಗೆ ಬೀಳುತ್ತೆ. ಹಿಡಿ ಮೇಲೆ ಹೆಸರು ಕೊರೆಸಿ, ಪಾತ್ರೆ ಅಂಗಡಿಯವರೇ ಮಾಡ್ಕೊಡ್ತಾರೆ.

ಸೌಟು:
ಪಾತ್ರೆ ವಿಷಯ. "ಕೊನೇಲಿ ಒಟ್ಟಿಗೆ ತೊಳೆಯೋಣ" ಅಂದ್ಕೊಂಡ್ರೆ ಕೊನೇಲಿ ಒಬ್ಬರು ಪ್ಲೇಟ್ ಫೋಟೋ ತೆಗೀತಾ ಇರ್ತಾರೆ, ಇನ್ನೊಬ್ಬರು ಸಿಂಕ್ ಮುಂದೆ. ಕ್ಯಾರಮೆಲ್ ಪಾತ್ರೆಗೆ ತಕ್ಷಣ ನೀರು ಹಾಕಿ ಒಂದು ಕುದಿ ಬರಿಸಿ, ತಾನೇ ಕರಗುತ್ತೆ. ಮೊಟ್ಟೆ, ಮೈದಾ ಅಂಟಿದ್ದಕ್ಕೆ ಮೊದಲು ತಣ್ಣೀರು; ಬಿಸಿನೀರು ಹಾಕಿದ್ರೆ ಬೆಂದು ಗಟ್ಟಿ ಕೂರುತ್ತೆ. ಗ್ರೇವಿಗೆ ಸ್ಟಾಕ್ (ಮೂಳೆ ಬೇಯಿಸಿ ತೆಗೆದ ರಸ) ಹಾಕಿ ಕೆರೆದಾಗಲೇ ರೋಸ್ಟ್ ಟ್ರೇ ಅರ್ಧ ತೊಳೆದ ಹಾಗೆ. ಇದೆಲ್ಲ ಆಗಿದ್ರೆ 12.15ಕ್ಕೆ ಉಳಿಯೋದು ರೇಂಜ್ ಒರೆಸೋದು, ಬರ್ನರ್ ಬಿಚ್ಚಿ ತೊಳೆಯೋದು. ಆ ಜಿಡ್ಡಿನ ಕೆಲಸಕ್ಕೆ ಮಾತ್ರ ವಾರಕ್ಕೊಬ್ಬರ ಪಾಳಿ ಇಟ್ಕೊಳ್ಳಿ.

ಹಸಿಮೆಣಸು:
ಥ್ಯಾಂಕ್ಸ್. ಇನ್ನೊಂದು: ಒಬ್ಬರ ಕೈ ತುಂಬಾ ಚುರುಕು, ಇನ್ನೊಬ್ಬರದು ನಿಧಾನ ಆದ್ರೆ? ಸಿಪ್ಪೆ ಸುಲಿಯೋದು, ಹೆಚ್ಚೋದು ಯಾವಾಗಲೂ ನಿಧಾನದವರ ತಲೆಗೇ ಬರುತ್ತೆ.

ದಮ್ಮು:
ಚುರುಕಾದವರು ಒಲೆ, ನಿಧಾನದವರು ಬೋರ್ಡು ಅಂತ ಖಾಯಂ ಆದ್ರೆ ಆ ದಿನದ ಮಾರ್ಕ್ಸ್ ಬರುತ್ತೆ, ನಿಜ. ಆದ್ರೆ ಪರೀಕ್ಷೇಲಿ ಒಬ್ಬೊಬ್ಬರೇ ನಿಂತು ಮಾಡುವಾಗ ಬೋರ್ಡಿನವರಿಗೆ ರೂ (roux, ಬೆಣ್ಣೇಲಿ ಹುರಿದ ಮೈದಾ) ಎಷ್ಟು ಹುರೀಬೇಕು ಅಂತಲೂ ಕೈಗೆ ಗೊತ್ತಿರಲ್ಲ. ಅದರ ಸಿಟ್ಟು ವರ್ಷಗಟ್ಟಲೆ ಇರುತ್ತೆ. ಒಂದು ವಾರ ಬೋರ್ಡು, ಒಂದು ವಾರ ಒಲೆ. ಹೆಚ್ಚೋದು ಹತ್ತು ನಿಮಿಷ ತಡ ಆಗುತ್ತೆ ಅಂದ್ರೆ ಪ್ಲಾನ್‌ನಲ್ಲೇ ಹತ್ತು ನಿಮಿಷ ಸೇರಿಸಿ.

ಒಟ್ಟಿಗೆ ತುಂಬಾ ಜನಕ್ಕೆ ಅಡುಗೆ ಮಾಡೋ ಬಲ್ಕ್ ಕಿಚನ್‌ಗೆ ಹೋದ್ಮೇಲೆ ಇದು ಇನ್ನೂ ಜಾಸ್ತಿ. 100 ಪ್ಲೇಟ್ ಬಿರಿಯಾನಿಗೆ 10 ಕೆಜಿ ಅಕ್ಕಿ, ರಾಶಿ ಈರುಳ್ಳಿ. ಹೆಚ್ಚಿದವರ ಕಣ್ಣೀರು ಯಾರಿಗೂ ಕಾಣಲ್ಲ, ಹಂಡೆ ಮುಚ್ಚಳ ತೆಗೆದವರಿಗೆ ಹೊಗಳಿಕೆ. ಶೆಫ್ ರುಚಿ ನೋಡುವಾಗ "ಬಿರಿಸ್ತಾ (ಕರಿದ ಈರುಳ್ಳಿ) ಇವಳು ಮಾಡಿದ್ದು ಶೆಫ್" ಅಂತ ಒಂದು ಮಾತು ಹೇಳೋಕೆ ಖರ್ಚೇನೂ ಇಲ್ಲ.

ಸೌಟು:
ಎರಡನೇ ವರ್ಷದಲ್ಲಿ ಅರ್ಧ ಕ್ಲಾಸ್ ಒಂದು ಸೆಮಿಸ್ಟರ್, ಉಳಿದರ್ಧ ಇನ್ನೊಂದು ಸೆಮಿಸ್ಟರ್ ಟ್ರೈನಿಂಗ್‌ಗೆ ಹೋಗೋ ಪದ್ಧತಿ ನಿಮ್ಮ ಕಾಲೇಜಲ್ಲೂ ಇದ್ರೆ, ಪಾರ್ಟ್ನರ್ ಮುಖವನ್ನೇ ತಿಂಗಳುಗಟ್ಟಲೆ ನೋಡಲ್ಲ. ಎರವಲು ಕೊಟ್ಟಿರೋ ಜರ್ನಲ್ ಅವರು ಹೊರಡೋ ಮೊದಲೇ ವಾಪಸ್ ಇಸ್ಕೊಳ್ಳಿ.