ಸ್ತ್ರೀವೇಷ ಮಾಡುತ್ತಿದ್ದ ಚೀನಾದ ಮೇ ಲಾನ್‌ಫಾಂಗ್ ಬಗ್ಗೆ ಗೊತ್ತಿದ್ದವರು ಇದ್ದೀರಾ?

ಕಾಪು ಅಮ್ಮ:
ನಮಸ್ಕಾರ. ನನ್ನ ಮಗನಿಗೆ 11 ವರ್ಷ. ಎರಡು ವರ್ಷದಿಂದ ಭಾನುವಾರ ಉಡುಪಿಗೆ ಯಕ್ಷಗಾನ ಕಲಿಯಲು ಹೋಗುತ್ತಾನೆ. ಈ ಸಲ ಗುರುಗಳು ಅವನಿಗೆ ಸ್ತ್ರೀವೇಷ ಕೊಟ್ಟಿದ್ದಾರೆ. ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡುತ್ತಾರಂತೆ, "ನಾನು ಹೋಗುದಿಲ್ಲ" ಅಂತ ಹಟ ಹಿಡಿದಿದ್ದಾನೆ. ಅದರ ಮೇಲೆ ಗುರುಗಳು "ಹೆಜ್ಜೆ ಉಂಟು, ಕಣ್ಣೇ ಇಲ್ಲ" ಅಂತ ಹೇಳಿಬಿಟ್ಟರು.

ಕ್ಲಾಸಿನ ಹೊರಗೆ ಕಾಯುವಾಗ ಇನ್ನೊಬ್ಬ ಹುಡುಗನ ಅಪ್ಪ ಮೊಬೈಲಿನಲ್ಲಿ ಒಂದು ಹಳೆಯ ವಿಡಿಯೊ ತೋರಿಸಿದರು. ಚೀನಾದ ಗಂಡಸು, ಹೆಣ್ಣಿನ ವೇಷ. ಹೆಸರು ಮೇ ಲಾನ್‌ಫಾಂಗ್ ಅಂದರು. ಅಷ್ಟರಲ್ಲಿ ಬಸ್ಸು ಬಂತು. ಇವರು ಯಾರು, ಹೇಗೆ ಕಲಿತರು? ಮಗನಿಗೆ ಹೇಳಲಿಕ್ಕೆ ಏನಾದರೂ ಸಿಕ್ಕಿದರೆ ಒಳ್ಳೆಯದಿತ್ತು.

ಚೌಕಿ ಮೂಲೆ:
ಅಕ್ಕ, ನಾನು ಮೇಳದಲ್ಲಿ 14 ವರ್ಷ ಸ್ತ್ರೀವೇಷ ಮಾಡಿದವ. ಈಗ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾದೀತು.

ಮೇ ಲಾನ್‌ಫಾಂಗ್ ಚೀನಾದ ಪೀಕಿಂಗ್ ಒಪೆರಾ, ಅಂದರೆ ನಮ್ಮ ಯಕ್ಷಗಾನದ ಹಾಗೆ ಹಾಡು, ಕುಣಿತ, ಮಾತು ಇರುವ ಆಟದ ನಟ. ಹುಟ್ಟಿದ್ದು 1894ರಲ್ಲಿ, ಬೀಜಿಂಗ್‌ನಲ್ಲಿ. ಅಜ್ಜನೂ ಹೆಸರುವಾಸಿ ಸ್ತ್ರೀಪಾತ್ರಧಾರಿ. ಅಪ್ಪ ಬೇಗ ತೀರಿಕೊಂಡರು. ಎಂಟನೆಯ ವರ್ಷಕ್ಕೆ ಕಲಿಯಲು ಕುಳ್ಳಿರಿಸಿದರು. ಮೊದಲ ಗುರು ಸ್ವಲ್ಪ ದಿನ ನೋಡಿ, ಈ ವಿದ್ಯೆಯ ದೇವರು ನಿನ್ನ ಪಾಲಿಗೆ ಅನ್ನ ಇಟ್ಟಿಲ್ಲ ಅಂತ ಬಿಟ್ಟು ಹೋದರಂತೆ. ಕಾರಣದಲ್ಲಿ ಒಂದು ಏನು ಗೊತ್ತಾ? ಕಣ್ಣು! ರೆಪ್ಪೆ ಜೋತು ಬೀಳುತ್ತಿತ್ತು, ದೃಷ್ಟಿಯೂ ಸ್ವಲ್ಪ ಮಂದ.

ಆ ಕಣ್ಣಿಗೆ ಮದ್ದಾದದ್ದು ಪಾರಿವಾಳ. ಹದಿನೇಳರ ಹೊತ್ತಿಗೆ ಸುಮ್ನೆ ಖುಷಿಗೆ ಅಂತ ಕೆಲವು ಜೋಡಿ ಸಾಕಿದರು, ಕೊನೆಗೆ ಅದು 150 ಜೋಡಿ ಆಯಿತು. ಬೆಳಿಗ್ಗೆ ಬೇಗ ಎದ್ದು ಗೂಡು ತೊಳೆದು ಹಾರಿಸುವುದು. ಉದ್ದದ ಬಿದಿರಿನ ಗಳ. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಹಾರಬೇಕು, ಹಸಿರು ಕಟ್ಟಿದರೆ ಇಳಿಯಬೇಕು. ಆಕಾಶದಲ್ಲಿ ಚುಕ್ಕಿಯಷ್ಟಾದ ಹಿಂಡಿನಲ್ಲಿ ನಮ್ಮದು ಯಾವುದು, ಪಕ್ಕದವರದ್ದು ಯಾವುದು ಅಂತ ಗುರುತು ಹಿಡಿಯಬೇಕು. ದಿನಾ ಹೀಗೆ ನೋಡಿ ನೋಡಿ ಕಣ್ಣಿಗೆ ಚುರುಕು ಬಂತು. ಗಳ ಬೀಸಿ ಬೀಸಿ ತೋಳಿಗೂ ಬಲ ಬಂತು. ಭಾರದ ವೇಷ ಕಟ್ಟಿ ಕೈ ಎತ್ತಿ ಕುಣಿಯುವಾಗ ಅದು ಎಷ್ಟು ಮುಖ್ಯ ಅಂತ ನನ್ನ ಭುಜವನ್ನು ಕೇಳಿ.

ಇನ್ನೊಂದು. ಮುಂದೆ ಸಿಕ್ಕಿದ ಗುರು ಮೇಜಿನ ಮೇಲೆ ಹತ್ತು ತಾಮ್ರದ ನಾಣ್ಯ ಇಡುತ್ತಿದ್ದರು. ಒಂದು ಪದ (ಹಾಡು) ಒಂದು ಸಲ ಹೇಳಿದರೆ ಒಂದು ನಾಣ್ಯ ತಟ್ಟೆಗೆ. ಹತ್ತೂ ಮುಗಿದರೆ ವಾಪಸ್ ಮೇಜಿಗೆ, ಪುನಃ ಶುರು. ಬಾಯಿಪಾಠ ಬಂದಿದೆ ಅಂದರೂ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಗರತಿ ವೇಷ, ಶೃಂಗಾರದ ವೇಷ, ಯುದ್ಧ ಮಾಡುವ ಹೆಣ್ಣಿನ ಕಸೆ ಸ್ತ್ರೀವೇಷ ಅಂತ ಉಂಟಲ್ಲ, ಅಲ್ಲಿಯೂ ಹಾಗೆಯೇ. ಗರತಿ ಮಾಡುವವ ನಿಂತು ಹಾಡಬೇಕು, ಕತ್ತಿ ಹಿಡಿಯುವುದು ಬೇರೆಯವನ ಕೆಲಸ. ಮೇ ಮತ್ತು ಅವರಿಗಿಂತ ಹಿರಿಯರೊಬ್ಬರು ಇದನ್ನೆಲ್ಲ ಒಬ್ಬನೇ ಮಾಡುವ ದಾರಿ ತೆರೆದರು.

ಕೊಡಿಯಾಲ್‌ಬೈಲ್ 03:
ಇವರ ಜೀವನದ ಮೇಲೆಯೇ ಅಲ್ವಾ 1993ರ 'ಫೇರ್‌ವೆಲ್ ಮೈ ಕಾನ್‌ಕ್ಯುಬೈನ್' ಸಿನಿಮಾ?

ಚೌಕಿ ಮೂಲೆ:
ಅಲ್ಲ ಮಾರಾಯ್ರೆ. ಅದು ಕಟ್ಟುಕಥೆ. ಅದರಲ್ಲಿ ಬರುವ ಪ್ರಸಂಗ ಮಾತ್ರ ಇವರಿಂದ ಹೆಸರಾದದ್ದು. ಸೋತ ರಾಜನ ಎದುರು ಕತ್ತಿ ಹಿಡಿದು ಕುಣಿದು, ಕೊನೆಗೆ ರಾಜನ ಕತ್ತಿಯಿಂದ ಪ್ರಾಣ ಬಿಡುವ ಹೆಂಗಸು. ಅದೇ ನಿರ್ದೇಶಕ 2008ರಲ್ಲಿ ಮೇ ಅವರ ಮೇಲೆಯೇ ಬೇರೆ ಸಿನಿಮಾ ಮಾಡಿದ್ದಾರೆ.

ರಂಗದ ಹುಳ, ಮಂಗಳೂರು:
ನಾಟಕದವರಿಗೆ ಇವರು ಗೊತ್ತಿರುವುದು ಜರ್ಮನಿಯ ನಾಟಕಕಾರ ಬ್ರೆಕ್ಟ್‌ನಿಂದ. 1935ರಲ್ಲಿ ಮೇ ಲಾನ್‌ಫಾಂಗ್ ಮಾಸ್ಕೋದಲ್ಲಿ ಆಡಿದಾಗ ಬ್ರೆಕ್ಟ್ ನೋಡಿದ. ಮಾಮೂಲಿ ಕೋಣೆಯಲ್ಲಿ, ಬಣ್ಣ ಇಲ್ಲ, ಲೈಟ್ ಇಲ್ಲ, ಕೋಟು ಹಾಕಿಕೊಂಡೇ ಮೇ ಹೆಣ್ಣಿನ ಅಭಿನಯ ಮಾಡಿ ತೋರಿಸಿದ್ದನ್ನೂ ಬರೆದಿದ್ದಾನೆ. ನಟ ಪಾತ್ರವೇ ಆಗಿಬಿಡದೆ, ಪಾತ್ರವನ್ನು ತೋರಿಸುತ್ತಾನೆ ಅನ್ನುವುದು ಅವನಿಗೆ ಹಿಡಿಸಿತು. ನನಗೆ ಓದುವಾಗ ನಗು ಬಂತು. ಪಂಚೆ ಉಟ್ಟು ಶಾಲು ಹೊದ್ದ ಮೀಸೆಯ ಅರ್ಥಧಾರಿ ದ್ರೌಪದಿಯಾಗಿ ಮಾತಾಡುವುದನ್ನು ವೇಷ ಇಲ್ಲದೆ ಕೂತೇ ಯಕ್ಷಗಾನದ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ನೋಡಿ ಬೆಳೆದವರು ನಾವು.

ಚೌಕಿ ಮೂಲೆ:
ಮೀಸೆ ಅಂದಿರಲ್ಲ, ಆ ಕಥೆ ಬಿಟ್ಟೇ ಹೋಗಿತ್ತು. 1941ರ ಕೊನೆಗೆ ಜಪಾನಿನವರು ಹಾಂಗ್‌ಕಾಂಗ್ ಹಿಡಿದರು. ಮೇ ಆಗ ಅಲ್ಲಿದ್ದರು. ಜಪಾನಿನವರ ಎದುರು ಆಡಬಾರದು ಅಂತ ಮೀಸೆ ಬಿಟ್ಟರು. ಮೀಸೆ ಇದ್ದರೆ ಸ್ತ್ರೀವೇಷ ಎಲ್ಲಿಂದ? ಶಾಂಘೈಗೆ ಬಂದ ಮೇಲೂ ಒತ್ತಾಯ ನಿಲ್ಲಲಿಲ್ಲ. ಆಗ ಟೈಫಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡು ಬೇಕಂತಲೇ ಜ್ವರ ಬರಿಸಿಕೊಂಡರು. ಸಂಪಾದನೆ ನಿಂತಿತ್ತು, ಚಿತ್ರ ಬರೆದು ಮಾರಿದರು. 1945ರಲ್ಲಿ ಜಪಾನ್ ಶರಣಾದ ಮೇಲೆ ಮೀಸೆ ತೆಗೆದು ಪುನಃ ರಂಗಕ್ಕೆ ಹೋದರು. ಆಗ ವಯಸ್ಸು 50 ದಾಟಿತ್ತು.

ನಾನು 14 ವರ್ಷ ಮೀಸೆ ಬೋಳಿಸಿದವ. ಪತ್ತನಾಜೆ ಕಳೆದು, ಅಂದರೆ ಮೇಳದ ತಿರುಗಾಟ ಮುಗಿದು, ಮಳೆಗಾಲದಲ್ಲಿ ಮಾತ್ರ ಬಿಡುತ್ತಿದ್ದೆ. ಆಗ ಊರಿನ ಕ್ಷೌರದಂಗಡಿಯಲ್ಲಿ "ಓ, ಈಗ ಗಂಡಸಾದೆಯಾ" ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮತ್ತೆ ಎಂತ ಮಾಡುವುದು? ಈ ಮೀಸೆಯ ಕಥೆ ಓದಿದ ದಿನ ಅಂಗಡಿಗೆ ಅರ್ಧ ಗಂಟೆ ಬೇಗ ಶಟರ್ ಎಳೆದೆ.

ಕಲಿಸಿದ ವಿಚಾರ: ನೂರಕ್ಕೂ ಹೆಚ್ಚು ಶಿಷ್ಯರು. ಒಬ್ಬ ಶಿಷ್ಯ ಚೆಂಗ್ ಯಾನ್‌ಚಿಯು ಗುರುವಿಗೆ ಸರಿಸಮ ಅನ್ನಿಸಿಕೊಂಡರು. ಹೆಂಗಸರೂ ಇವರ ಹತ್ತಿರ ಕಲಿತರು, ಗಂಡಸಿನಿಂದ ಹೆಣ್ಣಿನ ನಡಿಗೆ! ಮನೆಯಲ್ಲಂತೂ ಮಗ ಸ್ತ್ರೀವೇಷ, ಮಗಳು ಗಡ್ಡ ಕಟ್ಟಿ ಹಿರಿಯ ಗಂಡಸಿನ ವೇಷ. ಮೇ ತೀರಿಕೊಂಡದ್ದು 1961ರ ಆಗಸ್ಟ್ 8ಕ್ಕೆ.

ಮಾಣಿಗೆ ಹೇಳಿ ಅಕ್ಕ, ಇವರು 1930ರಲ್ಲಿ ಅಮೆರಿಕದಲ್ಲಿ ಆಡಿ ಬಂದವರು, ಚಾಪ್ಲಿನ್‌ನನ್ನು ಕಂಡವರು. 1924ರಲ್ಲಿ ನಮ್ಮ ಟಾಗೋರರೇ ಇವರ ಆಟ ನೋಡಿ ಬೀಸಣಿಗೆಯ ಮೇಲೆ ಕವಿತೆ ಬರೆದುಕೊಟ್ಟಿದ್ದರು. ಆದರೆ ಹಟ ಬಿಡದಿದ್ದರೆ ಈ ವರ್ಷ ಒತ್ತಾಯ ಮಾಡಬೇಡಿ.

ಕಾಪು ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಚಾಪ್ಲಿನ್ ಯಾರೆಂದು ಅವನಿಗೆ ಗೊತ್ತಿಲ್ಲ. ಹಿಡಿಸಿದ್ದು ಪಾರಿವಾಳ. ಅದನ್ನು ಸಾಕಲಿಕ್ಕೆ ಅತ್ತೆ ಬಿಡುವುದಿಲ್ಲ. ನಿನ್ನೆ ಮಲ್ಪೆ ಬಂದರಿಗೆ ಹೋದಾಗ ಮೀನಿನ ಬೋಟುಗಳ ಮೇಲೆ ಸುತ್ತುವ ಹದ್ದುಗಳಲ್ಲಿ ಒಂದನ್ನೇ ಹಿಡಿದು ನೋಡುತ್ತ ನಿಂತ. ಕುತ್ತಿಗೆ ನೋವು ಅಂತ ರಾತ್ರಿ ಎಣ್ಣೆ ಹಚ್ಚಿಸಿಕೊಂಡ.

ಇವತ್ತು ಪದ ಹೇಳಲು ಐದು ರೂಪಾಯಿಯ ಹತ್ತು ನಾಣ್ಯ ಇಟ್ಟೆ. ಏಳನೆಯ ಸಲಕ್ಕೆ ಎರಡು ನಾಣ್ಯ ಒಟ್ಟಿಗೆ ತಟ್ಟೆಗೆ ತಳ್ಳಿದ. ನೋಡಿದೆ, ನೋಡದ ಹಾಗೆ ಇದ್ದೆ.